ಒಂಬತ್ತು ಕಲೆಗಳ ಹಾಳೆ

ಅಣ್ಣ ಗಿರಿಯ ಗ್ಯಾರೇಜಿನಲ್ಲಿ ಗಾಳಿ ಹೊಡೆಸುವ ಮೊದಲು ಬಿಂದುಶ್ರೀಯ ಕ್ಯಾಮೆರಾದಲ್ಲಿ ಇದ್ದದ್ದು ಎರಡೇ ಕಲೆ.

ಅವು ಆಕಾಶದಲ್ಲಿ ಮಾತ್ರ ಕಾಣುತ್ತಿದ್ದವು. ಅಟ್ಟೂರು ಕೆರೆಯ ಏರಿಯ ಮೇಲೆ ನಿಂತು ಬೆಳಗಿನ ಬಿಳಿ ಆಕಾಶದ ಫೋಟೋ ತೆಗೆದರೆ ಎಡಗಡೆ ಮೇಲೊಂದು, ನಡುವಿನಲ್ಲೊಂದು, ಒದ್ದೆ ಬೆರಳು ಒತ್ತಿ ತೆಗೆದ ಹಾಗೆ ಮಸುಕಾಗಿ ಇರುತ್ತಿದ್ದವು. ಮೊದಲ ದಿನ ದೂರದ ಹಕ್ಕಿ ಅಂದುಕೊಂಡಳು. ಮಾರನೆಯ ದಿನವೂ ಅದೇ ಜಾಗದಲ್ಲಿ ಅದೇ ಹಕ್ಕಿ. ಮೂರನೆಯ ದಿನ ಮನೆಯೊಳಗೆ ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದಾಗ ಗೋಡೆಯ ಮೇಲೂ ಅವೇ ಎರಡು ಹಕ್ಕಿ ಬಂದು ಕೂತಿದ್ದವು. ಕಲೆ ಇರುವುದು ಹೊರಗಲ್ಲ, ಕ್ಯಾಮೆರಾದ ಒಳಗೆ ಎಂದು ಆಗ ಗೊತ್ತಾಯಿತು.

ಆ ಕ್ಯಾಮೆರಾ ನಸೀಮಾ ಆಂಟಿಯದು. ನ್ಯೂಟೌನಿನ ಬಸ್ ಸ್ಟಾಪಿನ ಎದುರಿಗೆ ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋದ ಅವರ ಅಂಗಡಿಯಲ್ಲಿ ಬಿಂದು ನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ಯಶೋಧಾಳಿಗೆ ಆಪರೇಷನ್ ಆಗಿ, ಮನೆ ನೋಡಿಕೊಳ್ಳಲು ಎರಡು ತಿಂಗಳು ರಜೆ ಹಾಕಿದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅಂಗಡಿಗೆ ಹೊಸ ಕ್ಯಾಮೆರಾ ಬಂದ ದಿನ ನಸೀಮಾ ಹಳೆಯದನ್ನು ಅವಳ ಕೈಗಿಟ್ಟು, "ಮೂಲೇಲಿ ಬಿದ್ದಿರೋ ಬದ್ಲು ನಿನ್ ಹತ್ರಾನೇ ಇರ್ಲಿ. ಮಾತಂತೂ ಆಡಲ್ಲ ನೀನು, ಇದ್ರಲ್ಲಾದ್ರೂ ಏನಾದ್ರೂ ಹೇಳು," ಎಂದಿದ್ದರು.

ಕೆರೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುವವರ ಒಂದು ವಾಟ್ಸಾಪ್ ಗುಂಪಿತ್ತು. ಬಿಂದು ಅದರೊಳಗೆ ಎಂಟು ತಿಂಗಳಿಂದ ಇದ್ದಳು. ಒಂದು ಅಕ್ಷರ ಬರೆದಿರಲಿಲ್ಲ. ಯಾವ ಲೆನ್ಸ್ ತೆಗೆದುಕೊಳ್ಳಲಿ, ಹಳೆಯದನ್ನು ಕೊಟ್ಟು ಹೊಸದಕ್ಕೆ ಹೋಗಲೇ, ಟ್ರೈಪಾಡ್ ಬೇಕೇ ಬೇಕೇ ಎಂದು ಅಲ್ಲಿ ದಿನವಿಡೀ ಪ್ರಶ್ನೆ. ಕಲೆಯ ಬಗ್ಗೆ ಕೇಳಬೇಕೆಂದು ಮೂರು ಸಲ ಟೈಪು ಮಾಡಿ ಅಳಿಸಿದಳು. ಅವಳ ಪುಣ್ಯಕ್ಕೆ ಇನ್ಯಾರೋ ಅದನ್ನೇ ಕೇಳಿದರು. ಎಂಟು ಉತ್ತರ ಬಂದವು. ಮುಟ್ಟಲೇಬೇಡಿ ಎಂದು ಒಬ್ಬರು, ಗಾಳಿ ಹಾಕಿದರೆ ಹೋಗುತ್ತದೆ ಎಂದು ಇಬ್ಬರು, ಮಾರಿಬಿಡಿ ಎಂದು ನಾಲ್ವರು. ಒಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದ್ದರು.

ಗಾಳಿ ಎಂದರೆ ಕೈಯಲ್ಲಿ ಹಿಸುಕುವ ರಬ್ಬರಿನ ಬುರುಡೆಯ ಗಾಳಿ ಎಂದು ಯಾರೂ ಬಿಡಿಸಿ ಬರೆದಿರಲಿಲ್ಲ. ದೊಡ್ಡಬಳ್ಳಾಪುರ ರಸ್ತೆಯ ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡುವ ಅಣ್ಣ ಗಿರಿಗೆ ಗಾಳಿ ಎಂದರೆ ಒಂದೇ.

"ಕಾರ್ಬೊರೇಟರ್ ಕ್ಲೀನಾಗತ್ತೆ, ಇದೇನ್ ಮಹಾ? ಬಾಯ್ ತೆಗಿ ಅದುಕ್ಕೆ," ಎಂದು ಕಂಪ್ರೆಸರಿನ ಪೈಪು ಹಿಡಿದು ನಿಂತ. ಬಿಂದು ಲೆನ್ಸ್ ಬಿಚ್ಚಿ, ಒಳಗಿನ ಕನ್ನಡಿ ಮೇಲೇಳುವಂತೆ ಮಾಡಿ, ಕಣ್ಣು ಮುಚ್ಚಿಕೊಂಡಳು. ಬುಸ್ ಎಂದು ಒಂದೇ ಸಲ.

ಆಮೇಲೆ ಆಕಾಶದಲ್ಲಿ ಒಂಬತ್ತು ಹಕ್ಕಿ.

ಆರ್.ಟಿ. ನಗರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಭೀಮರಾಜ್ ಅದನ್ನು ದೀಪದ ಕೆಳಗೆ ಹಿಡಿದು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಮ್ಮಾ ಈ ಪುಣ್ಯಾತ್ಮ?"

"ನಮ್ಮಣ್ಣ. ಗ್ಯಾರೇಜಲ್ಲಿ."

"ಪಂಕ್ಚರ್ ಗಾಳೀಲಿ ಎಣ್ಣೆ ಇರುತ್ತೆ, ನೀರೂ ಇರುತ್ತೆ. ಒಳಗಿನ ಸೆನ್ಸರ್ ಗಾಜಿಗೆ ಅಂಟ್ಕೊಂಡಿದೆ. ಒರೆಸೋ ಕಡ್ಡಿ ಈ ಅಳತೇದು ನನ್ ಹತ್ರ ಖಾಲಿ, ಬರೋಕೆ ಒಂದ್ ತಿಂಗ್ಳಾಗುತ್ತೆ. ಅಲ್ಲೀವರ್ಗೂ ಕೈ ಹಾಕ್ಬೇಡ, ಅಣ್ಣನ್ನೂ ಹತ್ರ ಸೇರಿಸ್ಬೇಡ. ಕಂಪ್ಯೂಟರಲ್ಲಿ ಅಳಿಸ್ಕೋ."

ಬಿಂದು ನೆಲ ನೋಡುತ್ತ, "ಹೊಸಾ ಕ್ಯಾಮೆರಾ ತಗೊಂಡ್ರೆ..." ಎಂದಳು.

"ಹೊಸದಕ್ಕೆ ಧೂಳು ಬರಲ್ವಾ? ಇರೋದು ಬೆಂಗಳೂರಲ್ಲಿ ತಾನೇ?" ಭೀಮರಾಜ್ ನಕ್ಕರು. "ಒಂದು ನೆನಪಿಟ್ಕೋ. ಫೋಟೋ ಬದಲಾದ್ರೂ ಕಲೆ ಇದ್ದಲ್ಲೇ ಇದ್ರೆ ಅದು ಕ್ಯಾಮೆರಾದ್ದು. ಮನುಷ್ಯ ಜರುಗಿದ ಹಾಗೆ ಅದೂ ಜರುಗಿದ್ರೆ ಅದು ಮನುಷ್ಯಂದು. ಅಳಿಸೋ ಮುಂಚೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡು."

ಎರಡು ಫೋಟೋ ಇಟ್ಟು ನೋಡುವುದಕ್ಕಿಂತ ಸುಲಭದ ದಾರಿಯನ್ನು ಬಿಂದು ತಾನೇ ಕಂಡುಕೊಂಡಳು. ಕಲೆ ಎದ್ದು ಕಾಣಲೆಂದು ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು ಆದಷ್ಟು ಚಿಕ್ಕದು ಮಾಡಿ ಖಾಲಿ ಗೋಡೆಯ ಫೋಟೋ ತೆಗೆದು, ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಪರದೆಯ ತುಂಬ ಹರಡಿದಳು. ಅದರ ಮೇಲೆ ಲ್ಯಾಮಿನೇಷನ್ನಿನ ಪಾರದರ್ಶಕ ಹಾಳೆಯೊಂದನ್ನು ಇಟ್ಟು, ಕೆಂಪು ಮಾರ್ಕರಿನಿಂದ ಒಂಬತ್ತು ಕಲೆಗೂ ಒಂಬತ್ತು ಸುತ್ತು ಹಾಕಿ, ಸಂಖ್ಯೆ ಬರೆದಳು. ಇನ್ನು ಯಾವ ಫೋಟೋ ತೆರೆದರೂ ಹಾಳೆಯನ್ನು ಪರದೆಗೆ ಹಚ್ಚಿದರೆ ಸಾಕು, ಎಲ್ಲೆಲ್ಲಿ ಅಳಿಸಬೇಕೆಂದು ಹಾಳೆಯೇ ಹೇಳುತ್ತಿತ್ತು. ನಸೀಮಾ ಅದನ್ನು ನೋಡಿ, "ಏನೇ ಇದು, ಚುಕ್ಕಿ ರಂಗೋಲಿನಾ?" ಎಂದು ಕೇಳಿದರು. ಬಿಂದುವಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಗುಂಪಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

ಆಗಲೇ ಅಜ್ಜಿ ತನ್ನ ಫೋಟೋ ಕೇಳಿದ್ದು.

ಅಜ್ಜಿ ಮಾರಕ್ಕ ತಂದೆಯ ತಾಯಿ. ಅಟ್ಟೂರು ಬರೀ ಊರಾಗಿದ್ದ ಕಾಲದಿಂದ ಆ ಮನೆಯಲ್ಲಿದ್ದವಳು. ಈಗ ಮೇಲೆ ಮೂರು ಅಂತಸ್ತು ಎದ್ದು ಬಾಡಿಗೆಯವರು ತುಂಬಿದ್ದರೂ ಕೆಳಗಿನ ಹಳೇ ಬಾಗಿಲು, ಜಗಲಿ, ಹಿಂದಿನ ಬಟ್ಟೆ ಒಗೆಯುವ ಕಲ್ಲು ಅವಳದೇ. ನಡುಮನೆಯಲ್ಲಿ ತಾತ ಮುನಿಕೃಷ್ಣಪ್ಪನ ಕಪ್ಪುಬಿಳುಪು ಫೋಟೋ ಇತ್ತು. ಅದರ ಪಕ್ಕದ ಮೊಳೆ ಖಾಲಿ.

"ಬರೀ ಕೊಕ್ಕರೆ ತೆಗೀತೀಯ," ಎಂದಳು ಅಜ್ಜಿ ಒಂದು ಸಂಜೆ, ಹುರುಳಿ ಆರಿಸುತ್ತ. "ನನ್ನ ಯಾವಾಗ ತೆಗಿಯೋದು? ಬಲಗಣ್ಣು ಆಗ್ಲೇ ಮಂಜಾಗೈತೆ. ಎಡಗಣ್ಣು ಇರೋವಾಗ್ಲೇ ನನ್ ಮಕ ನಾನು ನೋಡ್ಬೇಕು. ಸತ್ಮೇಲೆ ನೀವ್ ನೋಡೋಕಲ್ಲ."

"ಆಧಾರ್ ಕಾರ್ಡಲ್ಲಿ ಐತಲ್ಲಜ್ಜಿ," ಎಂದ ಗಿರಿ.

"ಅದ್ರಾಗೆ ನಾನು ಕದ್ದು ಸಿಕ್ಕಾಕೊಂಡೋಳ್ ತರ ಇದೀನಿ ಓಗೋ."

ಭಾನುವಾರ ಬೆಳಿಗ್ಗೆ ಅಜ್ಜಿ ತಲೆಗೆ ಎಣ್ಣೆ ಹಾಕಿ, ಕಂದು ಅಂಚಿನ ಸೀರೆಯುಟ್ಟು, ಹಳೇ ಬಾಗಿಲಿನ ಹೊಸ್ತಿಲ ಒಳಗೆ ಸ್ಟೂಲಿನ ಮೇಲೆ ಕೂತಳು. ಬೀದಿಯ ಬೆಳಕು ಮುಖದ ಮೇಲೆ ಬೀಳುತ್ತಿತ್ತು, ಹಿಂದೆಲ್ಲ ಕತ್ತಲು. ಬಿಂದು ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದಳು. ಬಾಗಿಲ ಚೌಕಟ್ಟಿನ ಕೆತ್ತನೆಯೂ ಅಜ್ಜಿಯ ಮುಖವೂ ಸ್ಪಷ್ಟವಾಗಿ ಬರಲೆಂದು ಕಿಂಡಿ ಚಿಕ್ಕದು ಮಾಡಿದಳು. ಅಜ್ಜಿಯ ಮುಖದಲ್ಲಿ ಏನೋ ಬೇರೆ ಅನ್ನಿಸಿತು. ಅಷ್ಟು ದೂರದಿಂದ ನೋಡಿದರೆ ಹಣೆ ಖಾಲಿ. ಮೂರು ಬೆರಳಗಲದ ವಿಭೂತಿ ಇಲ್ಲದ ಅಜ್ಜಿಯನ್ನು ಅವಳು ನೋಡಿದ್ದೇ ಇಲ್ಲ.

"ಅಜ್ಜಿ, ಈಬೂತಿ?"

"ಬ್ಯಾಡ. ತೆಗಿ ನೀನು."

ಕ್ಲಿಕ್ ಅಂದ ಕೂಡಲೇ ಅಜ್ಜಿ ಎದ್ದುಬಿಟ್ಟಳು. ಇನ್ನೊಂದು ಎಂದರೆ, "ಒಂದ್ಸಲ ಫೋಟೋ ಒಡೆದ್ಮೇಲೆ ಆಯ್ತಲ್ಲ. ನಿಮ್ತಾತನ್ನ ಸ್ಟುಡಿಯೋದೋನು ಒಂದೇ ಸಲ ಒಡ್ದಿದ್ದು," ಎಂದು ಒಳಗೆ ಹೋದಳು.

ಸೋಮವಾರ ಅಂಗಡಿಯಲ್ಲಿ ಯಾವುದೋ ಅರ್ಜಿಗೆ ಕೊನೆಯ ದಿನ. ಜೆರಾಕ್ಸಿಗೆ ಜನ ರಸ್ತೆಯವರೆಗೆ ನಿಂತಿದ್ದರು. ಆ ನಡುವೆಯೇ ಬಿಂದು ಅಜ್ಜಿಯ ಫೋಟೋ ತೆರೆದು, ಹಾಳೆಯ ಅಳತೆಗೆ ಹಿಗ್ಗಿಸಿ, ಫೋಟೋ ಉದ್ದಕ್ಕಿದೆಯೆಂದು ಹಾಳೆಯನ್ನೂ ಉದ್ದಕ್ಕೆ ತಿರುಗಿಸಿ ಪರದೆಗೆ ಹಚ್ಚಿದಳು. ಕತ್ತಲ ಭಾಗದಲ್ಲಿ ಕಲೆ ಕಾಣುವುದಿಲ್ಲ. ಅಲ್ಲಿ ಸುತ್ತುಗಳು ಖಾಲಿ ನಿಂತವು. ನಾಲ್ಕನೆಯ ಸುತ್ತು ಮಾತ್ರ ನೇರ ಹಣೆಗೆ, ಹುಬ್ಬುಗಳ ನಡುವೆ ಕೂತಿತ್ತು, ಅದರೊಳಗೆ ಮಸುಕಾದ ಒಂದು ಚುಕ್ಕಿ. ನಾಲ್ಕು ಎಂದರೆ ಗಿರಿಯ ಎಣ್ಣೆ. ಮೌಸ್ ಒತ್ತಿದಳು. ಹಣೆ ನುಣ್ಣಗಾಯಿತು.

"ಅಕ್ಕ, ಎರಡೂ ಕಡೆ ಬರ್ಬೇಕು, ಆರು ಕಾಪಿ," ಎಂದು ಯಾರೋ ಕೂಗಿದರು. ಅಂಗಡಿಯ ರೂಢಿಯಂತೆ ಹಳೇ ಫೋಟೋದ ಮೇಲೆಯೇ ಹೊಸದನ್ನು ಉಳಿಸಿದಳು. ಅಂಗಡಿಗೂ ತನಗೂ ಇದ್ದ ಒಂದೇ ಮೆಮೊರಿ ಕಾರ್ಡನ್ನು ಮಧ್ಯಾಹ್ನದ ಪಾಸ್‌ಪೋರ್ಟ್ ಫೋಟೋಗಳಿಗೆಂದು ಖಾಲಿ ಮಾಡಿದಳು. ಪ್ರಿಂಟು ಹಾಕಿ ಚೌಕಟ್ಟು ಕಟ್ಟಿದಾಗ ನಸೀಮಾ ಅದನ್ನು ಎತ್ತಿ ಹಿಡಿದು, "ಏನ್ ಲಕ್ಷಣ ನಿಮ್ಮಜ್ಜಿ! ನನ್ನದೂ ಒಂದು ಹಿಂಗೆ ತೆಗ್ದುಕೊಡೇ," ಎಂದರು.

ಅಜ್ಜಿ ಚೌಕಟ್ಟನ್ನು ಬೀದಿಬಾಗಿಲ ಬೆಳಕಿಗೆ ಒಯ್ದಳು. ತಲೆ ವಾಲಿಸಿ ಎಡಗಣ್ಣನ್ನು ಗಾಜಿನ ಹತ್ತಿರಕ್ಕೆ ತಂದಳು. ಬಿಂದು ಪಕ್ಕದಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು, ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು. ಅಜ್ಜಿಯ ಹೆಬ್ಬೆರಳು ಗಾಜಿನ ಮೇಲೆ ಹಣೆಯ ಜಾಗದಲ್ಲಿ ಎರಡು ಸಲ ಓಡಾಡಿತು.

"ಇದು ನಾನಲ್ಲ," ಎಂದಳು.

"ನೀನೇ ಕಣಜ್ಜಿ! ಹತ್ತು ವರ್ಷ ಚಿಕ್ಕೋಳಾಗಿದೀಯ ಅಷ್ಟೇ," ಎಂದ ಗಿರಿ.

ಅಜ್ಜಿ ಅವನ ಕಡೆ ನೋಡಲೂ ಇಲ್ಲ. ಚೌಕಟ್ಟನ್ನು ಬೆನ್ನು ಮಾಡಿ ಗೋಡೆಗೆ ಒರಗಿಸಿಟ್ಟು, ಮಡಚಿಟ್ಟ ಸೀರೆಯನ್ನೇ ಮತ್ತೆ ಮಡಚುತ್ತ ಕೂತಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಶಾಲೆಯಲ್ಲಿ ಮಾತು ಬಾರದೆ ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ಟೀಚರ ಸೀರೆಯ ಪಿನ್ನಿನಿಂದ ಹಿಡಿದು ಕಿಟಕಿಯ ಬಿರುಕಿನವರೆಗೆ ಎಲ್ಲವನ್ನೂ ನೋಡಿ ನೆನಪಿಡುತ್ತಿದ್ದವಳು ಬಿಂದು. ತನಗೆ ಬರುವುದು ಅದೊಂದೇ ಎಂದು ಅವಳಿಗೆ ಗೊತ್ತಿತ್ತು. ಈಗ ಅಜ್ಜಿ ಕಂಡದ್ದು ಏನು, ತಾನು ಕಾಣದೇ ಹೋದದ್ದು ಏನು?

ಮಾರನೆಯ ದಿನ ಅಂಗಡಿ ತೆರೆದ ಕೂಡಲೇ ಫೋಟೋ ಹಾಕಿಕೊಂಡು ಕೂತಳು. ಹಾಳೆ ಹಚ್ಚಿದಳು. ಆಗ ಹೊಳೆಯಿತು: ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಅವಳ ಬಲಗೈ ಮೇಲಿತ್ತು. ಹಾಗಿದ್ದರೆ ಹಾಳೆಯನ್ನು ಎಡಕ್ಕೆ ತಿರುಗಿಸಿ ಇಡಬೇಕು. ಅವಳು ನಿನ್ನೆ ಬಲಕ್ಕೆ ತಿರುಗಿಸಿದ್ದಳು. ಹಾಳೆಯನ್ನು ತೆಗೆದು ತಲೆಕೆಳಗು ಮಾಡಿ ಮತ್ತೆ ಹಚ್ಚಿದಳು. ನಾಲ್ಕನೆಯ ಸುತ್ತು ಕೆಳಗಿಳಿದು ಸೀರೆಯ ನೆರಿಗೆಯ ಹತ್ತಿರ ಹೋಯಿತು. ಅಲ್ಲಿ, ಕಂದು ಅಂಚಿನಲ್ಲಿ, ಹುಡುಕಿದರೆ ಸಿಗುವಂತೆ ಗಿರಿಯ ಎಣ್ಣೆ ಹಾಗೆಯೇ ಇತ್ತು.

ಹಣೆಯ ಮೇಲೆ ಯಾವ ಸುತ್ತೂ ಇರಲಿಲ್ಲ.

ಹಾಗಾದರೆ ತಾನು ಅಳಿಸಿದ್ದು ಏನನ್ನು? ಅಳಿಸುವ ಮೊದಲಿನ ಫೋಟೋ ಕಂಪ್ಯೂಟರಿನಲ್ಲಿಲ್ಲ, ಕಾರ್ಡಿನಲ್ಲಿಲ್ಲ. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡು ಎಂದಿದ್ದರು ಭೀಮರಾಜ್. ಇಡೋಣವೆಂದರೆ ಅಜ್ಜಿ ಕೂತಿದ್ದೇ ಒಂದು ಸಲ.

ಅಜ್ಜಿ ನಸುಕಿಗೇ ಎದ್ದು, ಹಿಂದಿನ ಕಲ್ಲಿನ ಹತ್ತಿರ ಮುಖ ತೊಳೆದು, ಅಲ್ಲೇ ಗೂಡಿನಲ್ಲಿದ್ದ ವಿಭೂತಿ ಹಚ್ಚಿಕೊಂಡೇ ಒಳಗೆ ಬರುವವಳು. ಬುಧವಾರ ಬಿಂದು ಅವಳಿಗಿಂತ ಮೊದಲೇ ಎದ್ದು ಹಿಂಬಾಗಿಲಲ್ಲಿ ನಿಂತಳು. ಅಜ್ಜಿ ಮುಖಕ್ಕೆ ನೀರೆರಚಿಕೊಂಡು, ಸೆರಗಿನಿಂದ ಒತ್ತಿ, ತಲೆಯೆತ್ತಿದಳು.

ಹುಬ್ಬುಗಳ ನಡುವೆ, ಸುಕ್ಕಿನ ಎರಡು ಗೆರೆ ಕೂಡುವಲ್ಲಿ, ಹಸಿರು ತಿರುಗಿದ ಒಂದು ಚುಕ್ಕಿ. ಹಚ್ಚೆ.

"ಏನೇ ಅಂಗ್ ನಿಂತಿದೀಯ, ದೆವ್ವದಂಗೆ?"

ಹೇಳಬೇಕಾದ್ದನ್ನು ಮೊದಲು ಮನಸ್ಸಿನಲ್ಲೇ ಟೈಪು ಮಾಡಿ ಅಳಿಸುವ ಅಭ್ಯಾಸ ಬಿಂದುವಿನದು. ಈ ಸಲ ಅಳಿಸಲಿಲ್ಲ.

"ಅಜ್ಜಿ, ಅದನ್ನ ಅಳಿಸಿದ್ದು ನಾನೇ. ಕ್ಯಾಮೆರಾದೊಳಗಿನ ಕೊಳೆ ಅಂದ್ಕೊಂಡೆ. ನಿನ್ನ ಹಣೇಲಿ ಹಚ್ಚೆ ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಕೊಳೆನಾ?"

"ಗಿರಿ ಗಾಳಿ ಹೊಡೆದ್ನಲ್ಲ, ಆ ಎಣ್ಣೆ."

"ನನ್ ಬೊಟ್ಟು ಗಿರಿ ಗ್ಯಾರೇಜಿನ್ ಎಣ್ಣೆನಾ!" ಅಜ್ಜಿ ನಕ್ಕಳು ಅನ್ನಿಸಿತು, ನಗು ಬೇಗ ಮುಗಿಯಿತು. ಅವಳು ಕಲ್ಲಿನ ಮೇಲೆ ಕೂತು, ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. "ಏಳು ವರ್ಸದೋಳಿದ್ದೆ. ಅಚ್ಚೆ ಆಕೋಳು ಬಂದಿದ್ಲು ನಮ್ಮೂರ್ಗೆ. ನಮ್ಮವ್ವ ತೊಡೆ ಮ್ಯಾಲೆ ಕೂರುಸ್ಕೊಂಡು, ಅಳ್ಬ್ಯಾಡ, ಇದೊಂದು ನಿನ್ ಜೊತೇಲೇ ಬರೋದು ಅಂದ್ಲು. ನಿಮ್ತಾತ ಓದ ದಿನ ಬಳೆ ಒಡೆದ್ರು, ಕುಂಕುಮ ಒರೆಸಿದ್ರು. ಇದು ಓಗ್ಲಿಲ್ಲ. ನಮ್ಮತ್ತೆ ತೆಂಗಿನ್ ನಾರಿಗೆ ಬೂದಿ ಅದ್ದಿ ಉಜ್ಜಿದ್ಲು. ಚರ್ಮ ಕಿತ್ಕೊಂಡ್ ಬಂತು, ಇದು ಬರ್ಲಿಲ್ಲ. ಆಮ್ಯಾಕೆ ಈಬೂತಿ ಬಳ್ಕೊಂಡು ಮುಚ್ಕೊ ಅಂದ್ಲು. ಮುಚ್ಕೊಂಡೆ. ಐವತ್ತೊಂದ್ ವರ್ಸ."

ಮೇಲಿನ ಅಂತಸ್ತಿನಲ್ಲಿ ಬಾಡಿಗೆಯವರ ಕುಕ್ಕರ್ ಕೂಗಿತು.

"ಫೋಟೋದಾಗಾದ್ರೂ ಇರ್ಲಿ ಅಂತ ತೊಳ್ಕೊಂಡು ಕುಂತೆ. ನಮ್ಮತ್ತೆ ಕೈಲಿ ಆಗ್ದೇ ಇದ್ದುದ್ನ ನೀನು ಕುಂತಲ್ಲೇ ಮಾಡ್ಬುಟ್ಟೆ."

ಬಿಂದು ಅಳಲಿಲ್ಲ. ಅತ್ತರೆ ಅಜ್ಜಿಯೇ ಸಮಾಧಾನ ಮಾಡಬೇಕಾಗುತ್ತಿತ್ತು. "ಇನ್ನೊಂದ್ಸಲ ಕೂತ್ಕೋ ಅಜ್ಜಿ," ಎಂದಳು.

"ಇಲ್ಲ."

"ಒಂದೇ ಸಲ."

"ಒಂದ್ಸಲ ದೈರ್ಯ ಮಾಡಿದ್ದಾಯ್ತು. ಓಗು, ಒಲೆ ಅಚ್ಚು." ಅಜ್ಜಿ ಗೂಡಿಗೆ ಕೈ ಹಾಕಿ ವಿಭೂತಿ ತೆಗೆದುಕೊಂಡಳು.

ಬೇರೆ ದಿನವಾಗಿದ್ದರೆ ಬಿಂದು ಹೋಗುತ್ತಿದ್ದಳು. ಯಾರಾದರೂ ಇಲ್ಲ ಎಂದರೆ ಎರಡನೆಯ ಸಲ ಕೇಳುವ ಜಾತಿಯೇ ಅಲ್ಲ ಅವಳು. ಆದರೆ ಅಂದು ಒಳಗೆ ಹೋಗಿ, ಚೀಲದಲ್ಲಿದ್ದ ಹೊಸ ಲ್ಯಾಮಿನೇಷನ್ ಹಾಳೆಯೊಂದನ್ನೂ ಹಸಿರು ಮಾರ್ಕರನ್ನೂ ತಂದು ಅಜ್ಜಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಹಾಳೆಯ ಮೇಲೆ ಮುಖದ ಅಂಚು ಬರೆದಳು. ಹುಬ್ಬು, ಮೂಗು, ಬಾಯಿ. ಹುಬ್ಬಿನ ನಡುವೆ ಒಂದು ಚುಕ್ಕಿ ಇಟ್ಟಳು.

"ಇದಾಯ್ತು. ಗಲ್ಲದ ಹತ್ರ ಗೆರೆ ಐತಲ್ಲ, ಅದೇನದು?"

ಅಜ್ಜಿ ವಿಭೂತಿಯ ಕೈಯನ್ನು ಹಾಗೆಯೇ ಹಿಡಿದು ಅವಳನ್ನೇ ನೋಡಿದಳು. "ಕರು ಒದ್ದಿದ್ದು," ಎಂದಳು.

"ಇದು ಯಾರ್ದು, ಕರೂದಾ, ನಿಂದಾ?"

"ಕರು ಸತ್ತು ನಲವತ್ ವರ್ಸ ಆಯ್ತು. ಇನ್ ನಂದೇ."

ಬಿಂದು ಗೆರೆ ಎಳೆದಳು. "ಮೂಗಿನ ಮೇಲಿನ ಗುಳಿ?"

"ಸಿಡುಬು. ಅದೂ ಇರ್ಲಿ. ಕೆನ್ನೆ ಮ್ಯಾಲಿನ್ ಈ ಕರೀ ಚುಕ್ಕಿ ಇತ್ತೀಚೆಗೆ ಬಂದಿದ್ದು, ಅದೇನ್ ಬ್ಯಾಡ."

"ಬಂದಿದ್ದೆಲ್ಲ ಬರೀತೀನಿ."

"ಬರಿ ಅಂಗಾದ್ರೆ. ಎಡಗಡೆ ಕಿವಿ ಅರಿದೈತೆ, ಅದ್ನ ಬುಟ್ಬುಟ್ಟೆ ನೋಡು. ಓಲೆ ಕಿತ್ಕೊಂಡ್ ಓಡಿದ್ದ ಕೋತಿ." ಅಜ್ಜಿ ಮುಂದಕ್ಕೆ ಬಾಗಿ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಲ್ಲ ಕಣೇ, ಇನ್ನೂ ಕೆಳಿಕೆ."

ಹದಿನಾಲ್ಕು ಗುರುತಾದವು. ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿದು ಎಡಗಣ್ಣಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈಯಲ್ಲಿದ್ದ ವಿಭೂತಿಯನ್ನು ಹಚ್ಚಿಕೊಂಡಳು. ಬಿಂದು ಮಾರ್ಕರಿನ ಮುಚ್ಚಳ ಹಾಕಿದಳು. ಎದ್ದು ಹೋಗುತ್ತ ಬಾಗಿಲಲ್ಲಿ ನಿಂತು ಅಜ್ಜಿ ಹೇಳಿದಳು:

"ಬಾನುವಾರ. ಒಳಗಡೆ ಕತ್ಲಲ್ಲಿ ಬ್ಯಾಡ. ಜಗಲಿ ಮ್ಯಾಲೆ."

ಭಾನುವಾರ ಒಂಬತ್ತು ಗಂಟೆಗೆ ಬೀದಿಯಲ್ಲಿ ಹಾಲಿನ ಪ್ಯಾಕೆಟ್ಟಿನವರು, ಬಾಡಿಗೆಯವರು, ಬೈಕು ತೊಳೆಯುವವರು ಎಲ್ಲ ಇದ್ದರು. ಅಜ್ಜಿ ಬಿಳಿ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂತಳು. ಖಾಲಿ ಹಣೆ. ಎದುರುಮನೆಯ ಮುನಿಯಲ್ಲಮ್ಮ ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ನಿಂತಳು.

"ಏನ್ ಮಾರಕ್ಕ, ಅಣೇಲಿ?"

"ಅಚ್ಚೆ. ನಿನ್ ಕಣ್ಗೂ ಪೊರೆ ಬಂತಾ?"

"ಇಷ್ಟ್ ದಿನ ಇರ್ಲಿಲ್ವಲ್ಲ!"

"ಇತ್ತು. ನೀನ್ ಕೇಳ್ಲಿಲ್ಲ. ಅತ್ಲಾಗ್ ಜರುಗು, ಬೆಳಕಿಗ್ ಅಡ್ಡ ಬರ್ತೀಯ."

ಮುನಿಯಲ್ಲಮ್ಮ ಜರುಗಿದಳು, ಹೋಗಲಿಲ್ಲ. ಅಜ್ಜಿಯ ಕೈ ಮಡಿಲಲ್ಲಿ ಸೆರಗಿನ ತುದಿಯನ್ನು ತಿರುಚುತ್ತಿತ್ತು, ಮುಖ ಅಲುಗಲಿಲ್ಲ. ಬಿಂದು ಬಲಗೈ ಮೇಲೆ ಮಾಡಿ ಕ್ಯಾಮೆರಾ ಹಿಡಿದಳು. ಈ ಸಲ ಎರಡು ಬೇಕು, ಪಕ್ಕಪಕ್ಕ ಇಟ್ಟು ನೋಡೋಕೆ, ಎಂದಳು. ಅಜ್ಜಿ ಒಪ್ಪಿದಳು. ಎರಡನೆಯದಕ್ಕೆ ತಲೆಯನ್ನು ಒಂಚೂರು ಮೇಲೆತ್ತಿದಳು. ಎತ್ತು ಎಂದು ಬಿಂದು ಹೇಳಿರಲಿಲ್ಲ.

ಸೋಮವಾರ ಅಂಗಡಿಯಲ್ಲಿ ಮೊದಲು ಎರಡು ಫೋಟೋವನ್ನೂ ಬೇರೆ ಕಡೆ ಉಳಿಸಿಟ್ಟಳು. ಎರಡನ್ನೂ ಪಕ್ಕಪಕ್ಕ ಇಟ್ಟಳು. ಗೋಡೆಯ ಮೇಲಿನ ಕಲೆಗಳು ಇದ್ದಲ್ಲೇ ಇದ್ದವು. ಹಣೆಯ ಚುಕ್ಕಿ ತಲೆಯ ಜೊತೆ ಮೇಲಕ್ಕೆ ಹೋಗಿತ್ತು. ಎಡಕ್ಕೆ ತಿರುಗಿಸಿ ಕೆಂಪು ಹಾಳೆ ಹಚ್ಚಿ, ಬಿಳಿ ಗೋಡೆಯ ಕಲೆಗಳನ್ನು ಒಂದೊಂದಾಗಿ ಅಳಿಸಿದಳು. ಆರು ಸಿಕ್ಕವು. ಮುಖದ ಹತ್ತಿರ ಬಂದಾಗಲೆಲ್ಲ ಮೌಸ್ ಬಿಟ್ಟು, ಪಕ್ಕದಲ್ಲಿದ್ದ ಹಸಿರು ಹಾಳೆ ನೋಡಿಕೊಂಡಳು. ನಸೀಮಾ ಹಿಂದೆ ನಿಂತು, "ಪರೀಕ್ಷೆ ಬರೀತಿದೀಯೇನೇ?" ಎಂದರು. ಜನ ಕಾಯುತ್ತಿದ್ದರು. ಕಾಯಲಿ ಎಂದು ಬಿಟ್ಟಳು.

ಸಂಜೆ ಅಜ್ಜಿ ಚೌಕಟ್ಟನ್ನು ಬಾಗಿಲ ಬೆಳಕಿಗೆ ಒಯ್ದು ತಲೆ ವಾಲಿಸಿದಳು. ಹಣೆಯ ಮೇಲೆ ಇನ್ನೂ ವಿಭೂತಿ ಹಚ್ಚಿರಲಿಲ್ಲ, ನಿನ್ನೆಯಿಂದಲೂ. ಹೆಬ್ಬೆರಳು ಗಾಜಿನ ಮೇಲೆ ಹುಬ್ಬಿನ ನಡುವೆ ಬಂದು ನಿಂತಿತು. ಅಲ್ಲೇ ಇತ್ತು, ಬಹಳ ಹೊತ್ತು.

ಆಮೇಲೆ ಬೆರಳು ಗೋಡೆಯ ಕಡೆ ಸರಿಯಿತು.

"ಇದೇನೇ ಇಲ್ಲಿ, ನೊಣ ಕುಂತೈತೆ?"

ಬಿಂದು ಬಗ್ಗಿ ನೋಡಿದಳು. ಏಳನೆಯ ಸುತ್ತಿನದು. ಕಿವಿಯ ನೆರಳಿನ ಹತ್ತಿರ ಇದ್ದುದರಿಂದ ಕಣ್ಣು ತಪ್ಪಿತ್ತು. "ಅದು ಕ್ಯಾಮೆರಾದ್ದು ಅಜ್ಜಿ. ಕೊಡು, ನಾಳೆ ತೆಗ್ದು ಬೇರೆ ಪ್ರಿಂಟ್ ಹಾಕ್ಸ್ತೀನಿ."

ಅಜ್ಜಿ ಚೌಕಟ್ಟನ್ನು ಎದೆಗೆ ಒತ್ತಿಕೊಂಡು ಖಾಲಿ ಮೊಳೆಯ ಕಡೆಗೆ ನಡೆದಳು.

"ಇರ್ಲಿ ಬುಡು. ಅದ್ನ ತೆಗಿಯಾಕ್ ಓಗಿ ಇನ್ನೇನ್ ತೆಗೀತೀಯೋ."